ಹನ್ನೊಂದನೇ ವಾರ

ಎಂಟೂವರೆಗೆ ಶಾಲೆ ಶುರು ಎಂದು ಬರೆದು ಅಂಟಿಸಿದ್ದೇನೆ
ಒಲೆಯ ಹಿಂದಿನ ಗೋಡೆಗೆ.
ಎಂಟೂವರೆಗೆ ನಮ್ಮ ದೋಣಿ ಔಡನಾರ್ಡೆಯ ತೂಬಿನೊಳಗೆ.
ಹಗ್ಗ ಹಿಡಿಯಲು ಒಂದು ಕೈ ಕಡಿಮೆ;
ನನ್ನ ಇಡೀ ತರಗತಿ ಎದ್ದು ಡೆಕ್ಕಿಗೆ ಓಡುತ್ತದೆ,
ಒಂದು ಕಾಲಿಗೆ ಮಾತ್ರ ಬೂಟು ಹಾಕಿಕೊಂಡು.

ಮೊದಲ ಬೆಂಚೂ ಅವನೇ, ಕೊನೆಯ ಬೆಂಚೂ ಅವನೇ.
ಹಾಜರಿ ಕೂಗಬೇಕಿಲ್ಲ.
ನಕಲು ಮಾಡಲು ಪಕ್ಕದವನಿಲ್ಲ,
ಗೊತ್ತಿಲ್ಲದಾಗ ತಲೆ ತಗ್ಗಿಸಿ ಅಡಗಲು
ಮುಂದಿನವನ ಬೆನ್ನಿಲ್ಲ.
ನನಗೂ ಇಲ್ಲ. ಅವನು ಯೋಚಿಸುವಷ್ಟು ಹೊತ್ತು
ಬೇರೆ ಯಾರ ಮುಖ ನೋಡಲಿ?

ನಲವತ್ತು ನಿಮಿಷದ ನದಿಗಳ ಪಾಠ
ಏಳು ನಿಮಿಷಕ್ಕೆ ಮುಗಿಯಿತು.
ಸ್ಕೆಲ್ಡೆ, ಲೇಯೆ, ಸಾಂಬರ್, ಮಾಸ್
ಬಂಧುಗಳ ಹೆಸರು ಹೇಳಿದ ಹಾಗೆ ಹೇಳಿ,
ಯಾವ ಸೇತುವೆಯಡಿ ಅಪ್ಪ ತಲೆ ಬಗ್ಗಿಸುತ್ತಾನೆ ಎಂಬುದನ್ನೂ ಸೇರಿಸಿ
ಕಿಟಕಿ ನೋಡುತ್ತ ಕೂತ.
ಉಳಿದ ಮೂವತ್ತಮೂರು ನಿಮಿಷಕ್ಕೆ ಏನೆಂದು ಪುಸ್ತಕದಲ್ಲಿಲ್ಲ.

ಭಿನ್ನರಾಶಿ ಮಾತ್ರ ಮೂರು ವಾರದಿಂದ ಅಲ್ಲೇ.
ಮೂರರಲ್ಲೊಂದು ದೊಡ್ಡದೋ, ನಾಲ್ಕರಲ್ಲೊಂದು ದೊಡ್ಡದೋ?
"ನಾಲ್ಕರಲ್ಲೊಂದು" ಅನ್ನುತ್ತಾನೆ,
ದಿನಾ ಬೆಳಗ್ಗೆ, ಹೊಸದಾಗಿ ಯೋಚಿಸಿ.
ಬ್ರೆಡ್ಡು ಕೊಯ್ದೆ. ಸೇಬು ಕೊಯ್ದೆ.
ಚೀಸು ಕೊಯ್ದು ಕೊಯ್ದು ರಾತ್ರಿ ಊಟಕ್ಕೆ ಭಿನ್ನರಾಶಿಯನ್ನೇ ಬಡಿಸಿದೆ.
ಓಡಿಲ್ ತಿಂದು, "ಪಾಠ ರುಚಿಯಾಗಿದೆ" ಅಂದ.
ನಾನು ನಗಲಿಲ್ಲ.

ಘೆಂಟಿನಿಂದ ಬಂದ ವೇಳಾಪಟ್ಟಿ ಹನ್ನೊಂದನೇ ವಾರದಲ್ಲಿದೆ,
ನಾವು ಏಳರಲ್ಲಿ.
ಹಿಂದೆ ಬಿದ್ದಿದ್ದಾನೆ ಎಂದು ನಮೂನೆಯಲ್ಲಿ ತುಂಬಬೇಕಂತೆ.
ಯಾರ ಹಿಂದೆ?
ಈ ಕಾಲುವೆಯಲ್ಲಿ ನಮ್ಮ ಮುಂದಿರುವುದು ಎರಡು ಬಾತು,
ಒಂದು ಗುಜರಿ ದೋಣಿ.

ಹಾಗಂತ ಹಗಲು ಕೇಳುತ್ತೇನೆ. ರಾತ್ರಿಯ ಲೆಕ್ಕ ಬೇರೆ.
ಜೂನ್‌ನಲ್ಲಿ ಪರೀಕ್ಷೆಗೆ ಕರೆಯುತ್ತಾರೆ,
ಪಾಸಾಗದಿದ್ದರೆ ದಡದ ಶಾಲೆ, ದಡದ ಹಾಸ್ಟೆಲು.
ಆರನೇ ವಯಸ್ಸಿಗೆ ನನ್ನನ್ನು ಅಂಥದ್ದರಲ್ಲಿ ಬಿಟ್ಟಿದ್ದರು.
ಸಾಲಾಗಿ ಇಪ್ಪತ್ತೆರಡು ಮಂಚ;
ನೆಲ ಅಲುಗುವುದಿಲ್ಲವೆಂದು ನಿದ್ದೆಯೇ ಬರುತ್ತಿರಲಿಲ್ಲ.
ಮಗ್ಗಿ ಬೇಗ ಬಂತು ಅಲ್ಲಿ, ಅದು ನಿಜ.
ಬಂತು ಅಂದುಕೊಂಡರು.
ಇಪ್ಪತ್ತೆರಡು ಬಾಯಿ ಒಟ್ಟಿಗೆ ಕೂಗುವಾಗ
ನನ್ನದು ಬರಿದೆ ಆಡಿದ್ದು ಯಾರಿಗೆ ಕಾಣಬೇಕು?

ಮಂಗಳವಾರ ಕೂಗಿಬಿಟ್ಟೆ.
ಮೂರು ಪದ ಸೇರಿಸಿ ಹೊಲಿದ
ನಮ್ಮ ಭಾಷೆಯ ಉದ್ದನೆಯ ಹಾಳು ಪದವೊಂದನ್ನು
ಬೆರಳಿಟ್ಟು ಓದುತ್ತಿದ್ದ. ಅವನ ಬಾಯಿಂದ ಹೊರಡುವ ಮೊದಲೇ
ನಾನು ಮುಗಿಸಿದೆ, ಮುಂದಿನದ್ದನ್ನೂ, ಅದರ ಮುಂದಿನದ್ದನ್ನೂ.
"ಎಷ್ಟು ಹೊತ್ತು, ವಾನೆಸ್, ಎಷ್ಟು ಹೊತ್ತು!"

ಆಗ ಇಂಜಿನ್ನಿನ ಸದ್ದು ತಗ್ಗಿತು.
ದಡಕ್ಕೆ ಕಟ್ಟಿದ ದೋಣಿಗಳ ಪಕ್ಕ ಹಾಯುವಾಗ ಹಾಗೇ ಮಾಡಬೇಕು;
ಜೋರಾಗಿ ಹೋದರೆ ನಮ್ಮ ಅಲೆಗೆ ಅವರ ಹಗ್ಗ ಹರಿಯುತ್ತದೆ,
ಒಳಗೆ ಯಾರದೋ ಕಾಫಿ ಚೆಲ್ಲುತ್ತದೆ.
ಅವನು ಕಿವಿಗೊಟ್ಟ. ನಾನೂ.
ಕಿಟಕಿಯಲ್ಲಿ ಒಬ್ಬ ಮುದುಕಿ, ಅವಳ ಹೂಕುಂಡ, ಅವಳ ನಾಯಿ
ಒಂದೊಂದಾಗಿ ಸರಿದವು.
ಬೆರಳು ಅದೇ ಪದದ ನಡುವೆ ಇತ್ತು, ಎತ್ತಿರಲಿಲ್ಲ.

ನಾನು ಎದ್ದು ಹೋಗಿ
ಬೆನ್ನು ತಿರುಗಿಸಿ ಆಲೂಗಡ್ಡೆ ಸುಲಿಯಲು ಕೂತೆ.
ಆರನೇ ಆಲೂಗಡ್ಡೆಗೆ ಪದ ಮುಗಿಯಿತು.
ಹತ್ತನೆಯದಕ್ಕೆ ಸಾಲು.
ಅಷ್ಟು ಬೇಕಿರಲಿಲ್ಲ ಅಡಿಗೆಗೆ, ಆದರೂ ಸುಲಿದೆ.

ಭಿನ್ನರಾಶಿ ಇನ್ನೂ ಬಂದಿಲ್ಲ.
ನಿನ್ನೆ ಜಲ್ಲಿ ಇಳಿಸುವಾಗ
ದೋಣಿಯ ಪಕ್ಕೆಯ ಅಳತೆಗೆರೆಗಳನ್ನು ಬಗ್ಗಿ ನೋಡಿ
"ಅಪ್ಪಾ, ಮೂರರಲ್ಲೊಂದು ಖಾಲಿ!" ಎಂದು ಕೂಗಿದ.
ಓಡಿಲ್ ಲೆಕ್ಕ ಹಾಕಿದ. ಸರಿಯಿತ್ತು.
ಒಳಗೆ ಬಂದ ಮೇಲೆ, ತಡೆಯಲಾಗದೆ ಕೇಳಿದೆ:
ಹಾಗಾದರೆ ದೊಡ್ಡದು ಯಾವುದು?
"ನಾಲ್ಕರಲ್ಲೊಂದು," ಅಂದ,
ಬೂಟು ಕಳಚುತ್ತ.